ನಾಲ್ಕನೇ ತೂಬು

ನಮ್ಮಣ್ಣನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಚಿನ್ನದ ಗಣಿಯ ಒಳಗೆ ಬಂಡೆ ಕೊರೆಯುವ ಮಿಷನ್ನಿನ ಪಕ್ಕದಲ್ಲಿ ಆರು ವರ್ಷ ನಿಂತು ಹಾಗಾಯಿತು. ಕಿವಿ ಹೋದ ಮೇಲೆ ಅವನನ್ನು ಮೇಲಿನ ವರ್ಕ್‌ಶಾಪಿಗೆ ಹಾಕಿದರು. ತಗಡಿನ ಕೆಲಸ ಕಲಿತಿದ್ದು ಅಲ್ಲಿಯೇ.

ಎಡಗಡೆ ನಿಂತು ಯಾರು ಏನು ಹೇಳಿದರೂ, ತುಟಿ ಅಲ್ಲಾಡಿದ್ದು ಕಂಡರೆ ಸಾಕು, ‘ಕೇಳುಸ್ತು’ ಎನ್ನುತ್ತಿದ್ದ. ಕೇಳಿಸಿರುತ್ತಿರಲಿಲ್ಲ. ಕಿವುಡನೆಂದು ಜನ ಕೂಗಿ ಮಾತಾಡುವುದು ಅವನಿಗೆ ಆಗುತ್ತಿರಲಿಲ್ಲ. ನಮ್ಮ ಅತ್ತಿಗೆ ಉರಿಗಾಂನಲ್ಲೇ ಹುಟ್ಟಿ ಬೆಳೆದ ತಮಿಳಿನವರು. ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು: ‘ಅಯ್ಯೋ ಕಡವುಳೇ, ಈ ಮನುಷ್ಯನ್ ಎಡಗಡೆ ನಿಂತ್ಕೊಂಡು ಒಂದ್ ಸರ ಮಾಡ್ಸಿ ಅಂದೆ. ಕೇಳುಸ್ತು ಅಂದ್ರು. ಇಪ್ಪತ್ತು ವರ್ಸ ಆಯ್ತು, ಸರ ಇನ್ನೂ ದಾರೀಲೇ ಐತೆ.’ ಅಣ್ಣ ಬಲಗಡೆಯಿಂದ ಕೇಳಿಸಿಕೊಂಡು ನಗುತ್ತಿದ್ದ.

ಅವನು ಹೋಗಿ ಐದು ತಿಂಗಳಾಯಿತು. ನಾನು ಅತ್ತಿಲ್ಲ. ಬರಲಿಲ್ಲ, ಅಷ್ಟೇ. ಹೆಣದ ಮುಂದೆ ಕೂತಿದ್ದಾಗ ಅವನ ಬಲಗೈಯ ಉಂಗುರದ ಬೆರಳನ್ನು ನೋಡುತ್ತಿದ್ದೆ. ಯಾರೋ ನನ್ನ ಕೈಗೆ ಕಾಫಿ ಲೋಟ ಕೊಟ್ಟರು. ಕುಡಿದೆ. ಸಕ್ಕರೆ ಜಾಸ್ತಿ ಅನಿಸಿತು. ಆ ದಿನ ನನಗೆ ನೆನಪಿರುವುದು ಇಷ್ಟೇ.

ಅವನ ಹೆಸರು ಬರೆಯುವುದಿಲ್ಲ. ಅವನ ಕಾರು ರಿಪೇರಿ ಶೆಡ್ಡಿಗೇ ಹೆಸರಿರಲಿಲ್ಲ. ‘ಬೋರ್ಡ್ ಆಕಿದ್ರೆ ಅದ್ಕೂ ತುಕ್ಕು ಇಡೀತದೆ, ಅದ್ನೂ ನಾನೇ ಕೆರೀಬೇಕು’ ಎನ್ನುತ್ತಿದ್ದ.

ಗಣಿ ಮುಚ್ಚಿದ ಮೇಲೆ ಉರಿಗಾಂನಲ್ಲಿ ಗಣಿಯವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳಲ್ಲಿ ನಮ್ಮದರ ಹಿಂದೆ ನಾಲ್ಕು ಕಂಬ ನೆಟ್ಟು, ತಗಡು ಹೊದಿಸಿ ಆ ಶೆಡ್ಡು ಮಾಡಿಕೊಂಡಿದ್ದ. ಗುದ್ದಿಸಿಕೊಂಡ ಕಾರು, ತುಕ್ಕು ತಿಂದ ಕಾರು, ಜಗ್ಗಿದ ಬಾಗಿಲು ಎಲ್ಲ ಅಲ್ಲಿಗೆ ಬರುತ್ತಿದ್ದವು. ಚಿನ್ನ ತೆಗೆದು ಉಳಿದ ಗಣಿಮಣ್ಣಿನ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದ ದಿನ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು, ಬಾಗಿಲಲ್ಲಿ ನಿಂತು, ನಾಲಿಗೆಯ ಮೇಲೆ ಧೂಳಿನ ರುಚಿ ನೋಡಿ ಹೇಳುತ್ತಿದ್ದ: ‘ಇವತ್ತು ದಿಬ್ಬ ನಮ್ ಮನೇಗೆ ನೆಂಟ್ರಾಗಿ ಬತ್ತಾ ಐತೆ. ಬರೀ ಸುತ್ತಿಗೆ ಕೆಲ್ಸ.’

ತುಕ್ಕು ಹುಡುಕುವಾಗ ಅವನು ಕಣ್ಣು ಮುಚ್ಚುತ್ತಿದ್ದ. ಉಂಗುರದ ಬೆರಳೊಂದನ್ನೇ ತಗಡಿನ ಮೇಲೆ ಮೆಲ್ಲಗೆ ಎಳೆಯುತ್ತಿದ್ದ. ಬಣ್ಣದ ಕೆಳಗೆ ತುಕ್ಕು ಇನ್ನೂ ಗುಳ್ಳೆ ಏಳುವ ಮೊದಲೇ ಆ ಬೆರಳು ನಿಲ್ಲುತ್ತಿತ್ತು. ತೋರುಬೆರಳಿನಲ್ಲಿ ಏಕೆ ನೋಡುವುದಿಲ್ಲ ಎಂದು ಒಮ್ಮೆ ಕೇಳಿದೆ. ‘ಅದು ದುಡ್ದೂ ದುಡ್ದೂ ಒರಟಾಗೋಗೈತೆ. ಉಂಗ್ರದ್ ಬೆಳ್ಳು ಸೋಮಾರಿ ಕಣಮ್ಮಿ. ಏನೂ ಕೆಲ್ಸ ಮಾಡಲ್ಲ, ಅದ್ಕೇ ಸುಳ್ಳೇಳಲ್ಲ’ ಎಂದ. ಆ ಬೆರಳಿಗೆ ಅವನು ಉಂಗುರ ಹಾಕಲೇ ಇಲ್ಲ. ಮದುವೆಯಲ್ಲಿ ಹಾಕಿದ್ದನ್ನೂ ಮರುದಿನ ತೆಗೆದಿಟ್ಟನಂತೆ.

ಪಟ್ಟಿ ಎಂದರೆ ಅವನಿಗೆ ಆಗದು. ತುಕ್ಕು ತಿಂದ ಜಾಗಕ್ಕೆ ಮೆತ್ತಿ, ನುಣ್ಣಗೆ ಉಜ್ಜಿ, ಮೇಲೆ ಬಣ್ಣ ಹೊಡೆಯುವ ಆ ಹಿಟ್ಟಿನಂಥ ವಸ್ತು ಎಲ್ಲ ಶೆಡ್ಡುಗಳಲ್ಲಿಯೂ ಡಬ್ಬಿಗಟ್ಟಲೆ ಖರ್ಚಾಗುತ್ತದೆ. ಒಬ್ಬ ಗಿರಾಕಿ, ‘ಒಸಿ ಪಟ್ಟಿ ಮೆತ್ತಿ ಬಣ್ಣ ಒಡ್ದು ಕೊಡಣ್ಣಾ, ನಾಡಿದ್ದು ಮದ್ವೆಗೋಗ್ಬೇಕು’ ಎಂದು ಬಂದಿದ್ದ. ಅಣ್ಣ ಅವನ ಮುಖ ನೋಡಿ, ‘ಕುರು ಮೇಲೆ ಪೌಡ್ರು ಬಳ್ಕೊಂಡು ಓಗ್ತೀಯೇನ್ಲಾ ಮದ್ವೆಗೆ? ಓಗು, ಗಂಡಿನ್ ಕಡೆಯೋರು ಮೂಸಿ ನೋಡ್ತಾರೆ’ ಎಂದ. ಗಿರಾಕಿ ಬೈದುಕೊಂಡು ಹೋದ. ಆರು ತಿಂಗಳ ಮೇಲೆ ಅದೇ ಕಾರು ತೂತಾಗಿ ವಾಪಸು ಬಂತು. ಅಣ್ಣ ಕೂರಲು ಸ್ಟೂಲು ಎಳೆದು ಕೊಟ್ಟ.

ನಮ್ಮ ತಾತ ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ ನೀರುಗಂಟಿಯಾಗಿದ್ದ. ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿ ಬಿಡುವ ಕೆಲಸ. ತೂಬು ಎತ್ತಿದರೆ ಏರಿಯ ಮೇಲೆ ನಿಂತು ‘ತೂಬು ಬಿಟ್ಟೈತೇ’ ಎಂದು ಕೂಗಬೇಕು. ಕೆಳಗೆ ಗದ್ದೆಯಲ್ಲಿದ್ದವರು ಯಾರಾದರೂ ‘ಕೇಳುಸ್ತು’ ಅನ್ನಬೇಕು. ಆ ಉತ್ತರ ಬರುವವರೆಗೆ ತಾತ ಅಲ್ಲಿಂದ ಕದಲುತ್ತಿರಲಿಲ್ಲ. ಮುಚ್ಚುವಾಗಲೂ ಹಾಗೆಯೇ. ನೀರಿನ ವಿಷಯದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿರುವುದು ಅಂತ ಏನೂ ಇರಬಾರದು ಎನ್ನುವುದು ಅವರ ಕಟ್ಟಳೆ. ಆ ಕೂಗನ್ನು ಅಣ್ಣ ಶೆಡ್ಡಿಗೆ ತಂದಿದ್ದ. ಗ್ಯಾಸ್ ಸಿಲಿಂಡರಿನ ತಿರುಪು ಮುಚ್ಚಿದರೂ ‘ಮುಚ್ಚೈತೆ’ ಅನ್ನಬೇಕು. ಇನ್ನೊಬ್ಬರು ‘ಕೇಳುಸ್ತು’ ಅನ್ನಬೇಕು. ಅನ್ನದಿದ್ದರೆ ಅವನು ಸುತ್ತಿಗೆ ಕೆಳಗಿಟ್ಟು ಕಾಯುತ್ತಿದ್ದ.

ನಾನು ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು. ಓದಿದ್ದು ಐದನೇ ತರಗತಿ. ಬಂದ ಎರಡನೇ ವಾರ ಅವನು ನನ್ನ ಕೈಗೆ ವಾಟರ್ ಪೇಪರ್ ಎನ್ನುವ ಉಜ್ಜುಕಾಗದ ಕೊಟ್ಟು, ಒಂದು ಬಾಗಿಲನ್ನು ತೋರಿಸಿ, ನೀರು ಚಿಮುಕಿಸುತ್ತಾ ಉಜ್ಜು ಎಂದ. ಹೆಂಗಸು ಶೆಡ್ಡಿನಲ್ಲಿ ಕಾರು ಉಜ್ಜುವುದನ್ನು ನೋಡಿ ಲೈನಿನವರು ಮಾತಾಡಿಕೊಂಡರು. ಅತ್ತಿಗೆ ಬೀದಿಯ ನಲ್ಲಿಯ ಹತ್ತಿರ ನಿಂತು, ‘ರಾಗಿ ಬೀಸೋಕೆ ನಾವ್ ಬೇಕು, ಪಾತ್ರೆ ಉಜ್ಜೋಕೆ ನಾವ್ ಬೇಕು, ಕಾರು ಉಜ್ಜುದ್ರೆ ಮಾತ್ರ ಬಳೆ ಒಡ್ದೋಯ್ತವಾ?’ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ನಾನು ಹದಿನಾಲ್ಕು ವರ್ಷ ಉಜ್ಜಿದೆ. ಅಣ್ಣ ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಉಜ್ಜಿದ ಜಾಗದ ಮೇಲೆ ಉಂಗುರದ ಬೆರಳು ಎಳೆದು, ಸರಿಯಿದ್ದರೆ ಮುಂದಿನ ಜಾಗ ತೋರಿಸುತ್ತಿದ್ದ. ಸರಿಯಿಲ್ಲದಿದ್ದರೆ ಅದೇ ಜಾಗವನ್ನು ಮತ್ತೆ ತೋರಿಸುತ್ತಿದ್ದ.

ಒಂದು ಬೇಸಿಗೆಯಲ್ಲಿ ಬಂಗಾರಪೇಟೆಯಿಂದ ಅಕ್ಕಿ ಗಿರಣಿಯ ಯಜಮಾನರು ತಮ್ಮ ಹಳೆಯ ಕಾರು ತಂದರು. ಗಣಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಯಜಮಾನರ ತಂದೆಗೆ ಮಾರಿದ ವಿಲಾಯತಿ ಕಾರು ಅದು. ಹಾಲಿನ ಕೆನೆಯ ಬಣ್ಣ. ನೆತ್ತಿಯಲ್ಲಿ ತಗಡಿನ ಒಂದು ಬಾಗಿಲು. ಒಳಗೆ ಕೂತು ಹಿಡಿ ತಿರುಗಿಸಿದರೆ ಹಿಂದಕ್ಕೆ ಜಾರಿ ಆಕಾಶ ಕಾಣುತ್ತಿತ್ತು. ಈಗಿನ ಕಾರುಗಳಲ್ಲಿ ಸನ್‌ರೂಫ್ ಅನ್ನುತ್ತಾರಲ್ಲ, ಅದೇ. ಅದರ ಸುತ್ತ ಬಣ್ಣ ಉಬ್ಬಿ, ಅಂಚು ಕಂದು ಪುಡಿಯಾಗಿ ಉದುರುತ್ತಿತ್ತು.

‘ಮೇಲಿಂದ ನೀರು ಬರ್ತದೆ ಕಣಯ್ಯಾ’ ಎಂದರು ಯಜಮಾನರು. ‘ಈ ಬಾಗ್ಲು ತೆಗೆಯೋರು ಯಾರೂ ಇಲ್ಲ. ಸುತ್ತ ಗಟ್ಟಿಯಾಗಿ ಮೆತ್ತಿ ಮುಚ್ಚಿಬಿಡು.’

‘ಮುಚ್ಚುದ್ರೆ ಸತ್ತೋಯ್ತದೆ ಯಜಮಾನ್ರೇ’ ಎಂದ ಅಣ್ಣ. ‘ಇದು ಗವಾಕ್ಸಿ. ನೀರು ಬರ್ಲಿ ಅಂತ್ಲೇ ಮಾಡವ್ರೆ.’

‘ಬರ್ಲಿ ಅಂತಾನಾ? ಯಾರಯ್ಯಾ ಆ ಬುದ್ಧಿವಂತ?’

‘ತಡೆಯೋಕಾಗಲ್ಲ ಅಂತ ತಿಳ್ಕೊಂಡೋನು. ಬಂದ ನೀರು ಓಗೋಕೆ ದಾರಿ ಬುಟ್ಟವ್ನೆ. ಬನ್ನಿ, ತೋರುಸ್ತೀನಿ.’

ಅವನು ಬಾಗಿಲನ್ನು ಜಾರಿಸಿ, ಸುತ್ತಲಿನ ತಗಡಿನ ಕಾಲುವೆ ತೋರಿಸಿದ. ರಬ್ಬರಿನ ಸಂದಿನಿಂದ ಒಳಬಂದ ಮಳೆನೀರು ಆ ಕಾಲುವೆಗೆ ಇಳಿಯುತ್ತದೆ. ಕಾಲುವೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತು, ತೂತಿಗೊಂದು ಸಣ್ಣ ಕೊಳವೆ. ಕೊಳವೆಗಳು ಕಾರಿನ ಕಿಟಕಿಗಳ ಪಕ್ಕದ ಕಂಬಗಳ ಒಳಗೇ ಇಳಿದು ಚಕ್ರಗಳ ಹತ್ತಿರ ನೆಲಕ್ಕೆ ನೀರು ಬಿಡುತ್ತವೆ. ‘ಇದು ಕೆರೆ. ಇವು ನಾಕು ತೂಬು’ ಎಂದ. ಒಂದರೊಳಗೆ ಸೈಕಲ್ ಬ್ರೇಕಿನ ತಂತಿ ತೂರಿಸಿ ಮೆಲ್ಲಗೆ ಎಳೆದಾಗ ಕಪ್ಪು ಕೆಸರು ಬಂತು. ಅದನ್ನು ಅಂಗೈ ಮೇಲೆ ಹರಡಿ ನೋಡಿ, ‘ಕಾರು ಉಣ್ಸೆ ಮರದಡಿ ನಿಲ್ಲುಸ್ತೀರ?’ ಎಂದು ಕೇಳಿದ.

‘ಹೌದು. ನೆರಳಿರಲಿ ಅಂತ.’

‘ನೆಳ್ಳು ನಿಮ್ಗೆ, ಎಲೆ ತೂಬಿಗೆ.’

ಯಜಮಾನರು ಜೋರಾಗಿ ನಕ್ಕರು. ಕಾರು ಬಿಟ್ಟು ಹೋದರು.

ಆ ಕೆಲಸಕ್ಕೆ ಒಂದು ತಿಂಗಳು ಹಿಡಿಯಿತು. ಕಾರಿನ ಒಳಮಾಡಿನ ಬಟ್ಟೆ ಬಿಚ್ಚಿದೆವು. ಅವನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದ. ಒಳ್ಳೆಯ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಹಳೆಯ ಮಡಕೆಯ ಹಾಗೆ ಬೊದ್ದಾಗಿ ಸದ್ದು ಮಾಡುತ್ತದೆ. ಬೊದ್ದು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗೆರೆ. ಗೆರೆಯಿಂದ ಎರಡು ಬೆರಳು ಆಚೆಗೇ ಕತ್ತರಿಸಿದ. ‘ತುಕ್ಕಿಗೆ ಒಸಿನೂ ಜಾಗ ಬುಡಬಾರ್ದು. ಅದು ಬೀಜ.’ ಅಷ್ಟೇ ದಪ್ಪದ ಹೊಸ ತಗಡು ಬಗ್ಗಿಸಿ ಕೂರಿಸಿದ. ಬೆಸೆಯುವಾಗ ಮಾಡಿನ ತಗಡು ಕಾದು ಸೊಟ್ಟಗಾಗದಿರಲಿ ಎಂದು ಸುತ್ತ ಒದ್ದೆ ಗೋಣಿ. ಒಂದಿಂಚು ಬೆಸೆದು, ಎದ್ದು ಆಚೆ ಮೂಲೆಗೆ ಹೋಗಿ ಅಲ್ಲೊಂದಿಂಚು ಬೆಸೆಯುತ್ತಿದ್ದ. ನಡುವೆ ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ಕೂರುತ್ತಿದ್ದ. ಬೀಡಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಕಾಲದ ಲೆಕ್ಕ ಅದರಲ್ಲೇ.

ಉಜ್ಜುವ ಕೆಲಸ ನನ್ನದು. ಉಜ್ಜಿದ ಕೆಸರು ಕೊಳವೆಗೆ ಇಳಿಯಬಾರದೆಂದು ಮೊದಲು ನಾಲ್ಕು ತೂಬುಗಳಿಗೂ ಬಟ್ಟೆ ತುರುಕಬೇಕು. ನಮ್ಮಮ್ಮನ ಹಳೆಯ ಸೀರೆ ಹರಿದು ನಾಲ್ಕು ಚೂರು ಮಾಡಿದ್ದೆ. ತುರುಕಿ, ‘ತೂಬು ಮುಚ್ಚೈತೆ’ ಎಂದೆ. ‘ಕೇಳುಸ್ತು’ ಎಂದ. ಉಜ್ಜಿದ ಮೇಲೆ ತುಕ್ಕು ತಡೆಯುವ ಕೆಂಪು ಬಣ್ಣ, ಬೆಸುಗೆಯ ಸಂದುಗಳಿಗೆ ಅಂಟು, ಆಮೇಲೆ ಮೇಲಿನ ಬಣ್ಣ. ಕಣ್ಣಿಗೆ ಬೀಳದ ಒಳಸಂದುಗಳಿಗೆ ಮೇಣ ಕರಗಿಸಿ ಬಿಟ್ಟ. ಹೊಸ ರಬ್ಬರು ಕೂರಿಸಿದ. ಕೊನೆಗೆ ಒಳಮಾಡಿನ ಬಟ್ಟೆಯನ್ನು ಅಂಟಿಸಿದೆವು.

ಕಾರು ಕೊಡುವ ದಿನ ಬೆಳಿಗ್ಗೆಯೇ ಯಜಮಾನರು ಬಂದು ನಿಂತಿದ್ದರು. ಕಾರಿನ ಸುತ್ತ ಎರಡು ಸಲ ತಿರುಗಿ, ‘ಏನಯ್ಯಾ, ಹೊಸದೇ ತಂದಿಟ್ಟಿದ್ದೀಯಲ್ಲ’ ಎಂದರು. ಅಣ್ಣ ನನ್ನ ಕಡೆ ಕೈ ತೋರಿಸಿದ. ‘ಅರ್ಧ ನಮ್ಮಮ್ಮೀದು ಯಜಮಾನ್ರೇ. ನಾನ್ ಬೆಸೆಯೋನು ಅಷ್ಟೇಯ. ಈಕೆ ಕೈ ಇಲ್ದಿದ್ರೆ ಇದು ಇಂಗೆ ಕಾಣ್ತಿರ್ಲಿಲ್ಲ’ ಎಂದ.

ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಅದೇ ಕೊನೆಯೂ ಆಯಿತು.

ಆಗ ನಾನು ಬಟ್ಟೆಗಳನ್ನು ತೂಬಿನಿಂದ ಎಳೆಯುತ್ತಿದ್ದೆ. ಮೂರು ಸಲೀಸಾಗಿ ಬಂದವು. ಹಿಂದಿನ ಎಡಮೂಲೆಯದು ಅರ್ಧಕ್ಕೆ ಹರಿಯಿತು. ಉಳಿದರ್ಧ ಒಳಗೆ ಜಾರಿತು. ಬೆರಳು ಹಾಕಿದೆ, ಸಿಗಲಿಲ್ಲ. ಇನ್ನೂ ಒಳಕ್ಕೆ ಹೋಯಿತು. ಒಳಮಾಡಿಗೆ ಅಂಟಿಸಿದ ಬಟ್ಟೆಯನ್ನು ಮತ್ತೆ ಬಿಚ್ಚಿದರೆ ಕೊಳವೆ ಕಳಚಿ ತೆಗೆಯಬಹುದಿತ್ತು. ಇನ್ನೊಂದು ದಿನದ ಕೆಲಸ, ಅಷ್ಟೇ. ಯಜಮಾನರು ನನ್ನನ್ನೇ ನೋಡುತ್ತಾ, ‘ಪರವಾಗಿಲ್ವೇ! ಹೆಣ್ಣುಮಗಳು!’ ಎಂದರು. ಹರಿದ ಚೂರನ್ನು ಉಳಿದ ಮೂರರ ಜೊತೆ ಸೇರಿಸಿ ಮಡಚಿದೆ. ‘ತೂಬು ಬಿಟ್ಟೈತೆ’ ಎಂದೆ.

‘ಕೇಳುಸ್ತು’ ಎಂದ ಅಣ್ಣ.

ಆಮೇಲೆ ನೀರಿನ ಪರೀಕ್ಷೆ. ಅವನು ಸ್ಟೂಲಿನ ಮೇಲೆ ನಿಂತು ಒಂದೊಂದು ಮೂಲೆಗೆ ಚೊಂಬಿನಲ್ಲಿ ನೀರು ಹುಯ್ಯುವುದು, ನಾನು ಕೆಳಗೆ ಬಗ್ಗಿ ಚಕ್ರದ ಹತ್ತಿರ ನೀರು ಬಿದ್ದದ್ದನ್ನು ನೋಡಿ ‘ಬಂತು’ ಎನ್ನುವುದು. ಅವನಿಗೆ ಸೊಂಟ ಬಗ್ಗುತ್ತಿರಲಿಲ್ಲ. ಮೊದಲನೆಯದು ಬಂತು. ಎರಡನೆಯದು ಬಂತು. ಮೂರನೆಯದು ಬಂತು. ನಾಲ್ಕನೆಯದಕ್ಕೆ ನಾಲ್ಕೈದು ಹನಿ ಬಿದ್ದು ನಿಂತಿತು. ಮಿಕ್ಕ ನೀರು ಕಾಲುವೆಯಲ್ಲೇ ಪಕ್ಕದ ತೂಬಿಗೆ ಹರಿದದ್ದು ಮೇಲಿದ್ದ ಅವನಿಗೆ ತಿಳಿಯಲಿಲ್ಲ.

‘ಬಂತು’ ಎಂದೆ.

ಮಳೆ ಬಂದರೆ ನೀರಿನ ಒತ್ತಡಕ್ಕೆ ಆ ಚೂರು ತಾನೇ ಕೆಳಗಿಳಿದು ಹೋಗುತ್ತದೆ ಎಂದುಕೊಂಡೆ. ಹಾಗೆ ನಿಜವಾಗಿ ನಂಬಿದ್ದೆನೋ ಇಲ್ಲವೋ ಈಗ ಹೇಳಲಾರೆ. ಕಾರು ಹೋಯಿತು. ಅಂದು ಅತ್ತಿಗೆ ಪಾಯಸ ಮಾಡಿದ್ದರು.

ಎರಡು ಮಳೆಗಾಲ ಕಳೆದ ಮೇಲೆ ಕಾರು ವಾಪಸು ಬಂತು. ಒಳಮಾಡಿನ ಬಟ್ಟೆ ಹಿಂದಿನ ಎಡಮೂಲೆಯಲ್ಲಿ ಜೋತುಬಿದ್ದು, ಕಾಫಿ ಚೆಲ್ಲಿದ ಹಾಗೆ ಕಲೆಯಾಗಿತ್ತು. ಅದನ್ನು ಸರಿಸಿದರೆ ಅಣ್ಣ ಕೂರಿಸಿದ್ದ ಹೊಸ ತಗಡಿನ ಅಂಚು ಕೆಂಪಗೆ ಉದುರುತ್ತಿತ್ತು. ಯಜಮಾನರು ಮುಖ ಬಿಗಿದುಕೊಂಡಿದ್ದರು. ಅಣ್ಣ ಅವರನ್ನು ಸಮಾಧಾನ ಮಾಡಲು ಎದುರಿನ ಅಂಗಡಿಗೆ ಟೀಗೆ ಕರೆದುಕೊಂಡು ಹೋದ.

ಅವರಿಬ್ಬರೂ ಟೀ ಕುಡಿದು ಬರುವಷ್ಟರಲ್ಲಿ ನಾನು ಮಾಡಿದ್ದು ಇದು. ಆ ಮೂಲೆಯ ಕೊಳವೆ ಕಳಚಿದೆ. ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ತೂರಿಸಿ, ಬಟ್ಟೆಯ ಚೂರನ್ನು ಎಳೆದು ತೆಗೆದೆ. ಕಪ್ಪಗೆ, ಸತ್ತ ಇಲಿಯ ಹಾಗೆ ಬಂತು. ಕೊಳವೆಯನ್ನು ಮೊದಲಿನಂತೆ ಸಿಕ್ಕಿಸಿದೆ. ಚೂರನ್ನು ಒಲೆಗೆ ಹಾಕಿದೆ. ಒದ್ದೆಯಾಗಿದ್ದರಿಂದ ಹತ್ತಿಕೊಳ್ಳಲು ಹೊತ್ತು ಹಿಡಿಯಿತು. ಅದು ಸುಡುವವರೆಗೆ ಒಲೆಯ ಮುಂದೆ ನಿಂತಿದ್ದೆ.

ಅಣ್ಣ ಬಂದು ಮೊದಲು ತೂಬು ನೋಡಿದ. ನೀರು ಹುಯ್ದ. ಸರಾಗವಾಗಿ ಹೋಯಿತು. ಮತ್ತೆ ಹುಯ್ದ. ಮತ್ತೆ ಹೋಯಿತು. ಚೊಂಬು ಕೆಳಗಿಟ್ಟ.

‘ಅಮ್ಮಿ, ಅವತ್ತು ನಾಕೂ ಬಂದಿತ್ತಲ್ವಾ?’

‘ಬಂದಿತ್ತಣ್ಣಾ.’

‘ಅಂಗಾರೆ ನನ್ ಬೆಳ್ಳೇ.’

ತೂಬು ತೆರೆದೇ ಇದ್ದರೂ ನೀರು ಒಳಗಿಳಿದಿದೆ ಎಂದರೆ, ತಾನು ಬೆಸೆದ ಸಂದಿನಲ್ಲಿ ಎಲ್ಲೋ ಸೂಜಿಯ ಮೊನೆಯಷ್ಟು ತೂತು ಉಳಿದಿರಬೇಕು, ಉಂಗುರದ ಬೆರಳು ಅದನ್ನು ದಾಟಿ ಹೋಗಿರಬೇಕು. ಅವನ ಲೆಕ್ಕ ಅದು. ನಾನು ಬಿಟ್ಟುಕೊಟ್ಟ ಸಾಕ್ಷಿಯಲ್ಲಿ ಬೇರೆ ಲೆಕ್ಕ ಹಾಕಲು ಆಗುತ್ತಲೂ ಇರಲಿಲ್ಲ.

ಯಜಮಾನರು ಟೀ ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ, ‘ನಿನ್ ಕೈ ಹೋಯ್ತು ಕಣಯ್ಯಾ. ಮೊದಲೇ ಹೇಳಿದ್ದಿದ್ರೆ ಬೇರೆ ಕಡೆ ಕೊಡ್ತಿದ್ದೆ’ ಎಂದರು. ಅದನ್ನು ಅವನ ಬಲಗಡೆಯಲ್ಲಿ ನಿಂತು ಹೇಳಿದರು. ಅವನು ಹೊಗಳಿಕೆಯಲ್ಲಿ ನನಗೆ ಅರ್ಧ ಕೊಟ್ಟಿದ್ದ. ಈ ಮಾತಿನಲ್ಲಿ ನಾನು ಕಾಲುಪಾಲೂ ಕೇಳಲಿಲ್ಲ. ಕಾರಿನ ಆಚೆ ಬದಿಯಲ್ಲಿ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸುತ್ತಾ ನಿಂತಿದ್ದೆ.

ಅಣ್ಣ ಆ ಮೂಲೆಯನ್ನು ಮತ್ತೆ ಕತ್ತರಿಸಿ, ಮತ್ತೆ ಬೆಸೆದುಕೊಟ್ಟ. ಕತ್ತರಿಸಿದ ಹಳೆಯ ಚೂರನ್ನು ಇಟ್ಟುಕೊಂಡ. ಮನೆಯ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ಉಂಗುರದ ಬೆರಳಿನಿಂದ ಆ ತಗಡಿನ ಸಂದು ಸವರುತ್ತಿದ್ದ. ಆ ಸೂಜಿತೂತನ್ನು ಹುಡುಕುತ್ತಿದ್ದ. ಎಂಟು ಹತ್ತು ದಿನ ಹುಡುಕಿದ. ಇಲ್ಲದ ತೂತು ಸಿಗುವುದು ಹೇಗೆ? ಸಿಗದೇ ಇದ್ದದ್ದೇ ಅವನಿಗೆ ಸಾಕ್ಷಿಯಾಯಿತು. ‘ತೂತೈತೆ, ಬೆಳ್ಳಿಗೆ ಗೊತ್ತಾಯ್ತಾ ಇಲ್ಲ’ ಎಂದು ಅತ್ತಿಗೆಗೆ ಹೇಳಿದ. ಅತ್ತಿಗೆ, ‘ಬೆಳ್ಳು ಸರಿಯಾಗೇ ಐತೆ, ಮೊನ್ನೆ ಅನ್ನದಾಗಿಂದ ಕಲ್ಲು ಎತ್ತಿ ನಂಗೇ ತೋರುಸ್ಲಿಲ್ವಾ?’ ಎಂದರು. ಅವನು ನಗಲಿಲ್ಲ.

‘ಕೈ ಹೋಯ್ತು’ ಎನ್ನುವ ಮಾತು ಬಂಗಾರಪೇಟೆಯಲ್ಲಿ ಓಡಾಡಿತು. ನಮ್ಮ ಪಕ್ಕದ ಚಾಂಪಿಯನ್ ರೀಫ್ಸ್‌ವರೆಗೂ ಬಂತು. ಆದರೂ ಗಿರಾಕಿಗಳು ಬರುತ್ತಿದ್ದರು. ನಿಲ್ಲಿಸಿದವನು ಅವನೇ. ಬಂದವರನ್ನು ಬೇರೆ ಶೆಡ್ಡಿಗೆ ಕಳಿಸಿದ. ಸುತ್ತಿಗೆಗಳನ್ನೂ ಅಲ್ಲಿಗೇ ಕೊಟ್ಟ. ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಗೇಟಿನ ಕಾವಲಿಗೆ ಸೇರಿದ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದ. ಒಮ್ಮೆ ಊಟದ ಡಬ್ಬಿ ಕೊಡಲು ನಾನು ಅಲ್ಲಿಗೆ ಹೋಗಿದ್ದೆ. ಮದುವೆಯ ಕಾರುಗಳು ಸಾಲಾಗಿ ನಿಂತಿದ್ದವು. ಅವನು ಒಂದು ಕಾರಿನ ಮಾಡಿನ ಮೇಲೆ ಕೈ ಇಟ್ಟಿದ್ದ. ನಾನು ಬಂದದ್ದು ಕಂಡು ತೆಗೆದುಬಿಟ್ಟ. ಬಿಸಿಯಾಗಿತ್ತು ಎನ್ನುವ ಹಾಗೆ ಕೈ ಒದರಿಕೊಂಡ.

ಏಳು ವರ್ಷ ಹೀಗೆ. ಪ್ರತಿ ದಿನ ಹೇಳಬಹುದಿತ್ತು. ಅವನ ಬಲಗಡೆ ಕೂತು ಊಟ ಬಡಿಸುತ್ತಿದ್ದೆ. ಒಂದು ವಾಕ್ಯ ಸಾಕಿತ್ತು.

ಕೊನೆಗೆ ಗಣಿಯ ಧೂಳು ಅವನ ಎದೆಯಲ್ಲಿ ಕೂತದ್ದು ಎದ್ದಿತು. ಮಂಚ ಹಿಡಿದ. ಒಂದು ಮಧ್ಯಾಹ್ನ ಅತ್ತಿಗೆ ರೇಷನ್ ತರಲು ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಇವತ್ತು ಹೇಳಿಬಿಡಬೇಕು ಎಂದುಕೊಂಡೆ. ಮಂಚದ ಬಲಗಡೆ ಕುರ್ಚಿ ಇತ್ತು. ನಾನು ಅದರಲ್ಲಿ ಕೂರಲಿಲ್ಲ. ಸುತ್ತಿಕೊಂಡು ಎಡಗಡೆಗೆ ಹೋದೆ. ಬಗ್ಗಿ, ಅವನ ಎಡಗಿವಿಗೆ, ‘ಅಣ್ಣಾ, ಆ ಕಾರಿನ ನಾಲ್ಕನೇ ತೂಬು ಬಂದಿರ್ಲಿಲ್ಲ. ಬಟ್ಟೆ ಒಳಗೇ ಉಳಿದಿತ್ತು. ಆಮೇಲೆ ನಾನೇ ತೆಗೆದು ಸುಟ್ಟೆ. ನಿನ್ ಬೆರಳಿಗೆ ಏನೂ ಆಗಿಲ್ಲ’ ಎಂದೆ.

ಅವನು ನನ್ನ ತುಟಿ ನೋಡಿದ. ‘ಕೇಳುಸ್ತು’ ಎಂದ. ‘ಓಗು, ಕಾಪಿ ಕುಡಿ’ ಎಂದ.

ಹಾಗೆ ಹೇಳುತ್ತಾನೆಂದು ಗೊತ್ತಿದ್ದೇ ಆ ಕಿವಿಗೆ ಹೇಳಿದೆ. ಎಡಗಡೆಯಿಂದ ಏನು ಹೇಳಿದರೂ ಅವನು ಅದನ್ನೇ ಹೇಳುತ್ತಿದ್ದ. ನನಗೆ ಆ ಉತ್ತರ ಬೇಕಿತ್ತು, ಅವನಿಗೆ ಆ ಮಾತು ತಲುಪುವುದು ಬೇಕಿರಲಿಲ್ಲ. ಬಟ್ಟೆ ಸುಟ್ಟದ್ದಕ್ಕಿಂತ ನನಗೆ ಇದು ದೊಡ್ಡ ತಪ್ಪಾಗಿ ಕಾಣುತ್ತದೆ. ಅದು ಹೆದರಿಕೆಯಿಂದ ಆದದ್ದು, ಇದನ್ನು ಕೂತು ಯೋಚಿಸಿ ಮಾಡಿದೆ. ಒಂಬತ್ತನೇ ದಿನ ಅವನು ಹೋದ.

ಕಳೆದ ತಿಂಗಳು ಯಜಮಾನರು ಬಂದರು. ಈಗ ಕೋಲು ಹಿಡಿದು ನಡೆಯುತ್ತಾರೆ. ಸಾವಿನ ಸುದ್ದಿ ತಡವಾಗಿ ತಿಳಿಯಿತಂತೆ. ಅದೇ ಕಾರಿನಲ್ಲಿ ಬಂದಿದ್ದರು. ಅತ್ತಿಗೆಯನ್ನು ಮಾತಾಡಿಸಿ, ಹಣ್ಣು ಕೊಟ್ಟು, ಹೊರಗೆ ಬಂದು ನಿಂತು, ‘ಮತ್ತೆ ಮೇಲಿಂದ ನೀರು ತೊಟ್ಟಿಕ್ಕುತ್ತಮ್ಮ. ನಡುವೆ ಬೇರೆ ಕಡೆ ಬಣ್ಣ ಹೊಡೆಸಿದ್ದೆ. ನಿನ್ನಣ್ಣ ಬೆಸೆದ ಜಾಗ ಇನ್ನೂ ಕಲ್ಲಿನಂಗಿದೆ ಅಂದ್ರು. ಎಲ್ಲಿಂದ ಬರ್ತದೋ ಯಾರಿಗೂ ಗೊತ್ತಾಗ್ತಿಲ್ಲ’ ಎಂದರು.

ನಾನು ಅವರ ಎದುರಿಗೆ ನಿಂತು ಎಲ್ಲ ಹೇಳಿದೆ. ಬಟ್ಟೆ, ಬಂತು ಎಂದದ್ದು, ಒಲೆ, ಎಲ್ಲ. ಯಾರದೋ ಮನೆಯ ಸುದ್ದಿ ಹೇಳಿದ ಹಾಗಿತ್ತು. ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಒಳಗೆ ಹೋದರು. ಅಂದಿನಿಂದ ಅವರು ನನ್ನ ಜೊತೆ ಮಾತಾಡಿಲ್ಲ. ಊಟಕ್ಕೆ ತಟ್ಟೆ ಮಾತ್ರ ಇಡುತ್ತಾರೆ.

‘ಅವನ ಕೈ ಹೋಯ್ತು ಅಂದ್ರಲ್ಲ ಯಜಮಾನ್ರೇ’ ಎಂದೆ. ‘ಆ ಮಾತು ವಾಪಸ್ ತಗೊಳ್ಳಿ. ಯಾರ್ಯಾರಿಗೆ ಹೇಳಿದ್ರೋ ಅವ್ರಿಗೆಲ್ಲ, ಹೋಗಿದ್ದು ಅವನ ಕೈಯಲ್ಲ, ಅವನ ತಂಗಿಯದು ಅಂತ ಹೇಳಿ.’

ಅವರು ಕೋಲಿನ ಮೇಲೆ ಎರಡೂ ಕೈ ಇಟ್ಟರು. ‘ಯಾರಿಗ್ ಹೇಳ್ಲಮ್ಮ?’ ಎಂದರು. ‘ಕೇಳಿದೋರಲ್ಲಿ ಅರ್ಧ ಜನ ಇಲ್ಲ. ಇನ್ನರ್ಧ ಅವತ್ತೇ ಮರೆತ್ರು. ನಾನೂ ಮರೆತಿದ್ದೆ. ಸಿಟ್ಟಿನಲ್ಲಿ ಅಂದಿದ್ದು. ಅದನ್ನ ನೆನಪಿಟ್ಕೊಂಡಿದ್ದೋನು ಅವನೊಬ್ಬನೇ ಅಂತ ಕಾಣ್ತದೆ.’

ನಾನು ಒಳಗಿನಿಂದ ಅವನ ಸ್ಟೂಲು ತಂದೆ. ಹತ್ತಿ, ಗವಾಕ್ಷಿಯ ಬಾಗಿಲು ಸರಿಸಿ ನೋಡಿದೆ. ಮೂರು ತೂಬುಗಳು ತೆರೆದಿದ್ದವು. ಹಿಂದಿನ ಎಡಮೂಲೆಯಲ್ಲಿ ತೂಬೇ ಕಾಣಲಿಲ್ಲ. ಬಣ್ಣ ಹೊಡೆದವರು ಅದನ್ನು ತುಕ್ಕಿನ ತೂತೆಂದು ತಿಳಿದು, ಪಟ್ಟಿ ಮೆತ್ತಿ, ನುಣ್ಣಗೆ ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದರು. ಒಳ್ಳೆಯ ಉಜ್ಜಾಟ. ಬೆರಳಿಗೂ ಗೊತ್ತಾಗುತ್ತಿರಲಿಲ್ಲ.

ಸೈಕಲ್ ಕಡ್ಡಿಯಿಂದ ಕೆರೆದೆ. ಅರ್ಧ ಗಂಟೆ ಹಿಡಿಯಿತು. ಬ್ರೇಕಿನ ತಂತಿ ತೂರಿಸಿ, ಪುಡಿಯನ್ನೆಲ್ಲ ಹೊರಗೆಳೆದೆ. ಒಂದು ಚೊಂಬು ನೀರು ಹುಯ್ದೆ. ಹುಯ್ಯುವವಳೂ ನೋಡುವವಳೂ ನಾನೇ ಆದ್ದರಿಂದ ಸ್ಟೂಲಿನಿಂದ ಇಳಿದು, ಮಂಡಿಯೂರಿ, ಚಕ್ರದ ಹಿಂದೆ ಬಗ್ಗಿ ನೋಡಬೇಕಾಯಿತು. ಮೊದಲು ಬಿಳಿ ಪುಡಿಯ ನೀರು ಬಂತು. ಆಮೇಲೆ ತಿಳಿ ನೀರು. ಧಾರೆಯಾಗಿಯೇ ಬಂತು.

‘ಬಂತು’ ಎಂದೆ.

‘ಏನಮ್ಮಾ?’ ಎಂದರು ಯಜಮಾನರು.

ಅವರಿಗೆ ಗೊತ್ತಿರಲಿಲ್ಲ, ಅದಕ್ಕೆ ಏನು ಉತ್ತರ ಕೊಡಬೇಕೆಂದು. ನಾನೂ ಹೇಳಿಕೊಡಲಿಲ್ಲ. ನೀರು ಪೂರ್ತಿ ಇಳಿದು ಮಣ್ಣಿನಲ್ಲಿ ಇಂಗುವವರೆಗೆ ಅಲ್ಲಿಯೇ ಮಂಡಿಯೂರಿಕೊಂಡಿದ್ದೆ.